ಮಹಡಿಯ ಮೇಲಿನ ಪ್ರಿಂಟರಿನ ವಿಳಾಸ

ಮಸ್ಕಿ ಊರ ಹೊರಗಿನ ಆ ಕಾಲೇಜಿನಲ್ಲಿ ಅಮರೇಶ್ವರಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ವಿದ್ಯಾರ್ಥಿಗಳಿಗೆ ಅವಳು ಆಪರೇಟರ್ ಮೇಡಂ. ಉಪನ್ಯಾಸಕರಿಗೆ ಆಫೀಸಿನ ಮೇಡಂ. ಕಚೇರಿಯ ಅಧೀಕ್ಷಕ ಕರಿಬಸಯ್ಯನವರಿಗೆ ಮಾತ್ರ ಅವಳು ಯಾವ ಮೇಡಮ್ಮೂ ಅಲ್ಲ. ಅವರು ತಲೆ ಎತ್ತದೆ 'ಇಲ್ನೋಡವಾ' ಎಂದರೆ ತನ್ನನ್ನೇ ಕರೆದದ್ದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹದಿನೇಳು ವರ್ಷದಿಂದ ಅವಳದು ಗುತ್ತಿಗೆ ನೌಕರಿ. ಪ್ರತಿ ಜೂನ್‌ನಲ್ಲಿ ಒಂದು ಹಾಳೆಗೆ ಸಹಿ ಹಾಕಬೇಕು, ಹಾಕಿದರೆ ಇನ್ನೊಂದು ವರ್ಷ.

ಹುಟ್ಟಿದ್ದು ಸಿಂಧನೂರು ತಾಲ್ಲೂಕಿನ ಮುಕ್ಕುಂದದಲ್ಲಿ. ಅಪ್ಪ ತಾಯಪ್ಪ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದವನು. ದಿನವಿಡೀ ದಂಡೆಯ ಮೇಲೆ ನಡೆದು ಎಲ್ಲಿ ಮಣ್ಣು ಕುಸಿದಿದೆ, ಯಾರ ಗದ್ದೆಗೆ ನೀರು ಹತ್ತಿಲ್ಲ ಎಂದು ನೋಡಿ ಬರುವುದೇ ಅವನ ಕೆಲಸ. ಮಗಳಿಗೆ ಆ ನಡಿಗೆ ಬೇಡವೆಂದು ಹತ್ತನೇ ತರಗತಿ ಮುಗಿದ ಮೇಲೆ ಸಿಂಧನೂರಿನಲ್ಲಿದ್ದ ತನ್ನ ತಂಗಿ ಶೇಖಮ್ಮನ ಮನೆಯಲ್ಲಿ ಬಿಟ್ಟ. ಅಮರೇಶ್ವರಿ ಹಗಲು ಪಿಯುಸಿ ಓದಿದಳು, ಸಂಜೆ ಟೈಪಿಂಗ್ ಕಲಿತಳು. ಕನ್ನಡದ ಎರಡು ಪರೀಕ್ಷೆ, ಇಂಗ್ಲಿಷಿನ ಒಂದು, ಮೂರನ್ನೂ ಮೊದಲ ಸಲಕ್ಕೇ ಪಾಸು ಮಾಡಿದಳು. ಮದುವೆಯಾಗಿ ಮಸ್ಕಿಗೆ ಬಂದಳು. ಗಂಡ ಬೀರಲಿಂಗ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ. ಸುಟ್ಟ ಮೋಟಾರು ಬಿಚ್ಚಿ ಒಳಗೇನಾಗಿದೆ ಎಂದು ಅವನು ಹೆಂಡತಿಗೂ ತೋರಿಸುತ್ತಿದ್ದ, ಅವಳೂ ಕೂತು ನೋಡುತ್ತಿದ್ದಳು. ಹಾಗಾಗಿ ಯಂತ್ರವೆಂದರೆ ಅವಳಿಗೆ ಭಯವಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆಯೂ ಇರಲಿಲ್ಲ. ಕೇಳಿ ತಿಳಿದದ್ದನ್ನು ಮೇಜಿನ ಖಾನೆಯಲ್ಲಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಹೋದ ವರ್ಷ ಮಳೆಗಾಲದ ಆರಂಭಕ್ಕೆ ಕಾಲೇಜಿಗೆ ಒಂದು ದೊಡ್ಡ ಪ್ರಿಂಟರ್ ಬಂತು. ಅಲ್ಲಿಯವರೆಗೆ ಅವಳ ಕಂಪ್ಯೂಟರಿನ ಪಕ್ಕದಲ್ಲೇ ಒಂದು ಸಣ್ಣ ಪ್ರಿಂಟರ್ ಇತ್ತು. ಹಳೆಯದು, ಗೊರಗೊರ ಸದ್ದು ಮಾಡುತ್ತಿತ್ತು. ಆದರೆ ತಂತಿ ಕಣ್ಣೆದುರಿಗೇ ಇರುತ್ತಿತ್ತು, ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ತಿಳಿಯುತ್ತಿತ್ತು. ಅದನ್ನು ಗುಜರಿಗೆ ಹಾಕಿದರು. ಹೊಸದನ್ನು ಪ್ರಾಂಶುಪಾಲರು ಮಹಡಿಯ ಮೇಲೆ, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇಡಿಸಿದರು. ಕೆಳಗೆ ಧೂಳು ಬರುತ್ತದೆ ಎಂಬುದು ಅವರ ಕಾರಣ. ಇನ್ನು ಕಾಲೇಜಿನ ಎಲ್ಲ ಕಂಪ್ಯೂಟರುಗಳೂ ಅದೊಂದಕ್ಕೇ ಕಾಗದ ಕಳಿಸಬೇಕು.

ಅದನ್ನು ಜೋಡಿಸಲು ಲಿಂಗಸುಗೂರಿನ ಅಂಗಡಿಯಿಂದ ವಿರೇಶ ಎಂಬ ಮೆಕ್ಯಾನಿಕ್ ಬಂದಿದ್ದ. ಮೂವತ್ತರ ಆಸುಪಾಸಿನ, ಚುರುಕಾದ ಮನುಷ್ಯ. ಅವನು ಮೇಲೊಮ್ಮೆ ಹೋಗಿ ಕೆಳಗಿಳಿದು ಬಂದು, ಅವಳ ಕಂಪ್ಯೂಟರಿನಲ್ಲಿ ನಾಲ್ಕು ಅಂಕಿಗಳನ್ನು ನಡುನಡುವೆ ಚುಕ್ಕೆ ಇಟ್ಟು ಒತ್ತಿದ. ಇದೇನು ಎಂದು ಅಮರೇಶ್ವರಿ ಕೇಳಿದಳು. ಇದು ಪ್ರಿಂಟರಿನ ಅಡ್ರೆಸ್ಸು, ಐಪಿ ಅಂತಾರೆ, ಇದು ಗೊತ್ತಿದ್ದರಷ್ಟೇ ನಿಮ್ಮ ಕಂಪ್ಯೂಟರಿಗೆ ಮೇಲಿನ ಯಂತ್ರ ಎಲ್ಲಿದೆ ಎಂದು ತಿಳಿಯುತ್ತದೆ ಎಂದ. ಆ ವಿವರಣೆ ಅವಳಿಗೆ ಹಿಡಿಸಿತು. ಅಂಕಿಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಕೊನೆಯದು ಇಪ್ಪತ್ತಮೂರು.

ತಿಂಗಳು ಕಳೆಯುವಷ್ಟರಲ್ಲಿ ಒಂದು ದಿನ ಗಾಳಿ ಮಳೆಗೆ ಕರೆಂಟು ಹೋಗಿ ಬಂತು. ಬಂದ ಮೇಲೆ ಪ್ರಿಂಟರ್ ಮಾತು ಕೇಳಲಿಲ್ಲ. ಕಂಪ್ಯೂಟರ್ 'ಆಫ್‌ಲೈನ್' ಎಂದು ತೋರಿಸುತ್ತಿತ್ತು. ಮಹಡಿ ಹತ್ತಿ ನೋಡಿದರೆ ಅದು ಹಸಿರು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ವಿರೇಶನಿಗೆ ಫೋನು ಮಾಡಿದಳು. ಮೂರನೆಯ ದಿನ ಬಂದ, ಬೇರೆ ಅಂಕಿ ಒತ್ತಿದ, ಎರಡು ನಿಮಿಷದಲ್ಲಿ ಕಾಗದ ಬಂತು, ಹೋದ. ಈ ಸಲ ಕೊನೆಯ ಅಂಕಿ ಮೂವತ್ತೊಂದು. ಗಣೇಶನ ಹಬ್ಬದ ಹೊತ್ತಿಗೆ ಮತ್ತೆ ಹಾಗೇ ಆಯಿತು, ಇಪ್ಪತ್ತೇಳು. ದೀಪಾವಳಿ ಮುಗಿದ ಮೇಲೆ ಮತ್ತೊಮ್ಮೆ, ಮೂವತ್ತಾರು. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ತನ್ನ ವಿಳಾಸ ಬದಲಿಸಿಕೊಳ್ಳುತ್ತಿದೆ ಎಂದು ಅವಳಿಗೆ ಹೊಳೆದದ್ದು ಆಗ. ಹೊಸ ಅಂಕಿ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಅವನು ಬಂದಾಗಲೆಲ್ಲ ಕೇಳಿದ್ದಳು. ಪ್ರತಿ ಸಲವೂ ಅವನದು ಒಂದೇ ಉತ್ತರ.

"ಆ ತಲಿಬ್ಯಾನಿ ನಿಮಗ್ಯಾಕ ಮೇಡಂ, ನಾ ಅದೀನಲ್ಲ."

ಅವನು ಇರುತ್ತಿದ್ದ ನಿಜ, ಆದರೆ ಲಿಂಗಸುಗೂರಿನಲ್ಲಿ. ಅವನು ಬರುವವರೆಗಿನ ಎರಡು ಮೂರು ದಿನ ಕಾಲೇಜಿನ ಬಾಯಿಗೆ ಸಿಗುತ್ತಿದ್ದವಳು ಅವಳು. ವರ್ಗಾವಣೆ ಪತ್ರ ಬೇಕೆಂದು ಬಂದ ತಂದೆಗೆ ನಾಳೆ ಬಾ ಎನ್ನಬೇಕು, ಉಪನ್ಯಾಸಕರ ಮುಖ ನೋಡಬೇಕು, ಕರಿಬಸಯ್ಯನವರಿಂದ ಹಳೆಯ ಯಂತ್ರ ಇದ್ದಾಗ ಹೀಗಾಗುತ್ತಿರಲಿಲ್ಲ ಎಂಬ ಮಾತು ಕೇಳಬೇಕು. ಹಳೆಯದನ್ನು ಗುಜರಿಗೆ ಹಾಕಲು ಟಿಪ್ಪಣಿ ಬರೆದವರು ಅವರೇ. ಒಮ್ಮೆ ಅವಳು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ರಸ್ತೆಯಾಚೆಯ ಶಾವಲಿಯ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಬಂದಳು. ಕಾಲೇಜಿನಲ್ಲೇ ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಹೊರಗೆ ಹೋಗುವುದೇ ಎಂದು ಆಡಳಿತ ಮಂಡಳಿಯವರು ಸಿಟ್ಟಾದರು. ಅದೇ ವಾರ ಯಾವುದೋ ಕಂಪ್ಯೂಟರಿಗೆ ವೈರಸ್ ಬಂತು. ಕಚೇರಿಯಲ್ಲಿ ಪೆನ್‌ಡ್ರೈವ್ ಬಳಸಬಾರದು ಎಂದು ಕರಿಬಸಯ್ಯನವರು ಜ್ಞಾಪನ ಹೊರಡಿಸಿದರು. ಅದನ್ನು ಟೈಪು ಮಾಡಿದವಳೂ ಅಮರೇಶ್ವರಿಯೇ.

ಹೀಗೆ ಜನವರಿ ಬಂತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆ ಶುರು. ಹಾಲ್ ಟಿಕೆಟ್‌ಗಳು ಕಂಪ್ಯೂಟರಿಗೆ ಬಂದದ್ದು ಬುಧವಾರ ಬೆಳಿಗ್ಗೆ. ಮುನ್ನೂರ ಹನ್ನೆರಡು. ಅವನ್ನೆಲ್ಲ ಪ್ರಿಂಟ್ ತೆಗೆದು, ಪ್ರಾಂಶುಪಾಲರ ಸಹಿ ಮಾಡಿಸಿ, ಸೀಲು ಒತ್ತಿ ಸಂಜೆಯೊಳಗೆ ಕೊಡಬೇಕು. ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಐದೂವರೆಗೆ. ಪ್ರಾಂಶುಪಾಲರು ರಾಯಚೂರಿಗೆ ಸಭೆಗೆ ಹೋಗಿದ್ದರು, ನಾಲ್ಕಕ್ಕೆ ಬಂದು ಸಹಿ ಮಾಡುತ್ತೇನೆ ಎಂದಿದ್ದರು. ಅಮರೇಶ್ವರಿ ಹನ್ನೊಂದಕ್ಕೆ ಕೆಲಸಕ್ಕೆ ಕೂತಳು. ಹನ್ನೊಂದೂ ಹತ್ತಕ್ಕೆ ಕರೆಂಟು ಹೋಯಿತು. ಅರ್ಧ ಗಂಟೆಗೆ ಬಂತು. ಅವಳು ದೇವರನ್ನು ನೆನೆದು ಪ್ರಿಂಟ್ ಒತ್ತಿದಳು. ಆಫ್‌ಲೈನ್.

ಫೋನು ಎತ್ತಿಕೊಂಡು ವಿರೇಶನಿಗೆ ಮಾಡಿದಳು. ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿ, ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಒಂದು ರೈಸ್ ಮಿಲ್ಲಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದೇನೆ, ಶುಕ್ರವಾರ ಬರುತ್ತೇನೆ ಎಂದ. ನಾಳೆಯೇ ಪರೀಕ್ಷೆ, ನೀವು ಬರುವುದು ಬೇಡ, ಆ ವಿಳಾಸ ಕಂಡುಹಿಡಿಯುವುದು ಹೇಗೆ ಎಂದಷ್ಟು ಹೇಳಿ ಎಂದಳು. ಇಲ್ಲಿಂದ ಹೇಗೆ ಹೇಳಲಿ, ಅದನ್ನು ಯಂತ್ರದಲ್ಲೇ ನೋಡಬೇಕು ಎಂದ. ಯಂತ್ರದಲ್ಲಿ ಎಲ್ಲಿ ಎಂದು ಅವಳು ಕೇಳುವಷ್ಟರಲ್ಲಿ ಹಿಂದೆ ಯಾರೋ ಕರೆದರು, ಫೋನು ಕಟ್ಟಾಯಿತು. ಆಮೇಲೆ ಮಾಡಿದರೆ ಎತ್ತಲಿಲ್ಲ.

ಲಿಂಗಸುಗೂರಿನ ಅಂಗಡಿಗೆ ಮಾಡಿದಳು. ಫೋನೆತ್ತಿದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಕಂಪ್ಲೇಂಟ್ ಬರೆದುಕೊಂಡು, ಅದಕ್ಕೊಂದು ನಂಬರು ಕೊಟ್ಟು, ಎರಡು ಕೆಲಸದ ದಿನಗಳಲ್ಲಿ ಇಂಜಿನಿಯರ್ ಬರುತ್ತಾರೆ ಎಂದಳು. ಯಾವ ಇಂಜಿನಿಯರ್ ಎಂದು ಕೇಳಿದರೆ ವಿರೇಶನ ಹೆಸರು ಹೇಳಿದಳು.

ಅಮರೇಶ್ವರಿ ಮಹಡಿ ಹತ್ತಿದಳು. ಯಂತ್ರದ ಮೇಲೆ ಅಂಗೈಯಷ್ಟು ಪರದೆ, ಕೆಳಗೆ ಸಾಲಾಗಿ ಗುಂಡಿಗಳು. ಒಂದೊಂದಾಗಿ ಒತ್ತಿ ನೋಡಿದಳು. ಕಾಗದದ ಅಳತೆ ಬಂತು, ಭಾಷೆ ಬಂತು, ಶಾಯಿ ಎಷ್ಟಿದೆ ಎಂಬುದು ಬಂತು. 'ನೆಟ್‌ವರ್ಕ್' ಎಂಬ ಮಾತು ಕಂಡಾಗ ಎದೆ ಹಗುರಾಯಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಕಾಲೇಜಿನ ಹೆಸರು ಹಾಕಿದಳು, ಒಂದರಿಂದ ಆರರವರೆಗೆ ಹಾಕಿದಳು, ಸೊನ್ನೆಗಳನ್ನು ಹಾಕಿದಳು. ಐದನೆಯ ಸಲ ತಪ್ಪಾದ ಮೇಲೆ ಪರದೆ ಬೀಗ ಹಾಕಿಕೊಂಡಿತು. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಅಲ್ಲೊಂದು ವಿಳಾಸ ಸಿಕ್ಕಿತು, ಆದರೆ ಅದು ಮೂವತ್ತಾರು, ಹಿಂದಿನ ಸಲದ್ದು. ಕಂಪ್ಯೂಟರ್ ತನಗೆ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡಿತ್ತೇ ಹೊರತು ಮೇಲಿನ ಯಂತ್ರ ಈಗ ಎಲ್ಲಿದೆ ಎಂದು ಅದಕ್ಕೂ ಗೊತ್ತಿರಲಿಲ್ಲ. ನೋಟ್‌ಬುಕ್ ತೆಗೆದು ಹಳೆಯ ವಿಳಾಸಗಳನ್ನೆಲ್ಲ ಹಾಕಿ ನೋಡಿದಳು. ಯಾವುದೂ ತಾಕಲಿಲ್ಲ. ನೇರವಾಗಿ ತಂತಿಯಿಂದ ಜೋಡಿಸೋಣವೆಂದರೆ ಆ ತಂತಿ ಪೆಟ್ಟಿಗೆಯಲ್ಲಿ ಬಂದೇ ಇರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಹೊರಗೆ ಹುಡುಗ ಹುಡುಗಿಯರು ಗುಂಪುಗೂಡಿದ್ದರು. ಕೊನೆಯ ವರ್ಷದ ಜ್ಯೋತಿ ಎಂಬ ಹುಡುಗಿ ಎರಡು ಸಲ ಬಂದು ಕೇಳಿ ಹೋಗಿದ್ದಳು. ಕರಿಬಸಯ್ಯನವರು ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತರು.

"ನೀ ಏನರ ಒತ್ತಿ ಇಟ್ಟಿರ್ತೀ ನೋಡವಾ. ನಿನ್ನೆ ಛಲೋ ಇತ್ತು."

"ಕರೆಂಟ್ ಹೋಗಿ ಬಂತಲ್ರೀ ಸರ್. ಪ್ರತಿ ಸಲ ಹಿಂಗ ಆಗ್ತದ, ನಿಮಗೂ ಗೊತ್ತೈತಿ."

ಶಾವಲಿಯ ಅಂಗಡಿಯಲ್ಲಿ ತೆಗೆಸಿಕೊಂಡು ಬರುತ್ತೇನೆ, ಇವತ್ತೊಂದು ದಿನ ಅನುಮತಿ ಕೊಡಿ ಎಂದು ಕೇಳಿದಳು. ಅವರು ಗೋಡೆಯ ಮೇಲಿನ ಜ್ಞಾಪನದ ಕಡೆ ನೋಡಿದರು. ಅದರ ಕೆಳಗೆ ತಮ್ಮದೇ ಸಹಿ ಇದೆ, ಮುನ್ನೂರು ಮಕ್ಕಳ ಫೋಟೋ ಇರುವ ಕಾಗದ ಹೊರಗೆ ಹೋದರೆ ನಾಳೆ ಕೇಳುವುದು ತಮ್ಮನ್ನೇ ಎಂದರು. ಪ್ರಾಂಶುಪಾಲರಿಗೆ ಫೋನು ಮಾಡಿ ಎಂದಳು. ಸಭೆಯಲ್ಲಿರುತ್ತಾರೆ ಎಂದರು.

ಅವಳಿಗೆ ಅಳು ಬರುವಂತಾಯಿತು. ಬಂದದ್ದು ಅಳುವಿನ ರೂಪದ ಸಿಟ್ಟು. ಇಡೀ ಕಟ್ಟಡದಲ್ಲಿ ಆ ಯಂತ್ರ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು, ಹದಿನೈದು ಅಡಿ ಮೇಲೆ, ಬಾಗಿಲು ತೆರೆದರೆ ಕಾಣುತ್ತದೆ. ಆದರೂ ಅದರ ವಿಳಾಸ ಸಿಗದೆ ಮುನ್ನೂರು ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ. ಗಡಿಯಾರದಲ್ಲಿ ಹನ್ನೆರಡೂವರೆ. ಸಿಂಧನೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಎಲ್ಲಿಗೆ ಎಂದು ಕರಿಬಸಯ್ಯನವರು ಕೇಳಿದರು. ವಿರೇಶನನ್ನು ಕಂಡು ಕೇಳಿಕೊಂಡು ಬರುತ್ತೇನೆ ಎಂದಳು. ಹೋಗುವುದಾದರೆ ಅರ್ಧ ದಿನದ ರಜಾ ಚೀಟಿ ಬರೆದಿಟ್ಟು ಹೋಗು ಎಂದರು. ಬರೆದಿಟ್ಟೇ ಹೋದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಅವನು ಆ ಮಿಲ್ಲಿನಲ್ಲೇ ಇದ್ದಾನೆಯೇ, ಇದ್ದರೂ ಹೇಳುತ್ತಾನೆಯೇ, ಹೇಳಿದರೂ ತನಗೆ ತಿಳಿಯುತ್ತದೆಯೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಊರು ಇನ್ನೂ ಸ್ವಲ್ಪ ದೂರವಿದ್ದಾಗಲೇ ಮಿಲ್ಲುಗಳ ಸಾಲು ಶುರುವಾಯಿತು, ಅಲ್ಲೇ ಇಳಿದಳು. ಮೊದಲನೆಯ ಮಿಲ್ಲಿನಲ್ಲಿ ಅಂಥವರು ಯಾರೂ ಬಂದಿಲ್ಲ ಎಂದರು. ಎರಡನೆಯದರಲ್ಲಿ ಕಾವಲುಗಾರ ಒಳಗೇ ಬಿಡಲಿಲ್ಲ. ಕೆಲಸ ಕೇಳಿಕೊಂಡು ಬಂದವಳೆಂದು ತಿಳಿದಿದ್ದ. ಅವಳು ಗೇಟಿನ ಮುಂದೆ ನಿಂತು ಮತ್ತೆ ಫೋನು ಮಾಡಿದಳು. ಫೋನಿನ ಸದ್ದು ರಸ್ತೆಯಾಚೆಯ ಮೂರನೆಯ ಮಿಲ್ಲಿನ ಕಿಟಕಿಯಿಂದ ಕೇಳಿಬಂತು, ಇವಳು ಕಟ್ ಮಾಡಿದರೆ ಅದೂ ನಿಂತಿತು.

ಆ ಮಿಲ್ಲಿನ ಕಚೇರಿಯ ತುಂಬ ತೌಡಿನ ಪುಡಿ ಹಾರಾಡುತ್ತಿತ್ತು. ವಿರೇಶ ಮೇಜಿನ ಕೆಳಗೆ ಮಲಗಿ ತಂತಿಯ ತುದಿಗೆ ಪ್ಲಗ್ಗಿನ ಮೂತಿ ಕೂರಿಸುತ್ತಿದ್ದ. ಮೊದಲು ಅವಳ ಚಪ್ಪಲಿ ಕಂಡಿತು, ಆಮೇಲೆ ತಲೆ ಹೊರಗೆ ಹಾಕಿ ಮುಖ ನೋಡಿದ. ಅವನಿಗೆ ನಂಬಲಾಗಲಿಲ್ಲ.

"ಮೇಡಂ, ನೀವು ಇಲ್ಲಿಗೆ ಬಂದೀರಿ?"

"ನೀವು ಫೋನ್ ಎತ್ತಲಿಲ್ಲ, ಅದಕ್ಕ ಬಂದೀನಿ. ನನ್ ಜೋಡಿ ಬರ್ರಿ ಅನ್ನಂಗಿಲ್ಲ. ಆ ಅಡ್ರೆಸ್ ಹೆಂಗ ನೋಡಬೇಕು, ಅದನ್ನ ತೋರಿಸ್ರಿ. ತೋರಿಸೋಮಟ ನಾ ಹೋಗಂಗಿಲ್ಲ."

ಅವನು ಎದ್ದು ಬಟ್ಟೆ ಕೊಡವಿಕೊಂಡ. ನಮ್ಮ ಅಂಗಡಿಯವರು ಅದನ್ನೆಲ್ಲ ಗಿರಾಕಿಗಳಿಗೆ ತೋರಿಸಬೇಡ ಎಂದಿದ್ದಾರೆ, ಏನಾದರೂ ಕೆಟ್ಟರೆ ಜವಾಬ್ದಾರಿ ನಮ್ಮದಾಗುತ್ತದೆ ಎಂದು ನೆಲ ನೋಡುತ್ತ ಹೇಳಿದ. ಅಮರೇಶ್ವರಿ ಚೀಲದಿಂದ ನೋಟ್‌ಬುಕ್ ತೆಗೆದು ಅವನ ಮುಂದೆ ಬಿಡಿಸಿದಳು. ನಾಲ್ಕು ತಾರೀಕು, ನಾಲ್ಕು ವಿಳಾಸ, ಮೊದಲನೆಯದು ಬಿಟ್ಟು ಪ್ರತಿಯೊಂದರ ಮುಂದೆ ಅವನಿಗೆ ಫೋನು ಮಾಡಿದ ದಿನ, ಅವನು ಬಂದ ದಿನ. ಅವನು ಅದನ್ನು ಒಂದು ನಿಮಿಷ ನೋಡಿದ. ಆಮೇಲೆ ಮಿಲ್ಲಿನವರ ಪ್ರಿಂಟರಿನ ಕಡೆ ನಡೆದ. ಅದೂ ಕಾಲೇಜಿನಂಥದೇ.

ಪರದೆಯ ಪಕ್ಕದಲ್ಲಿ ಚಿಕ್ಕ 'ಐ' ಅಕ್ಷರದ ಗುಂಡಿಯೊಂದಿತ್ತು. ಅವಳು ಬೆಳಿಗ್ಗೆ ಅದನ್ನೂ ಒತ್ತಿದ್ದಳು, ಏನೂ ಆಗಿರಲಿಲ್ಲ. ವಿರೇಶ ಅದನ್ನು ಒತ್ತಿ ಹಿಡಿದೇ ನಿಂತ. ಹತ್ತು ಎಣಿಸುವಷ್ಟು ಹೊತ್ತು. ಯಂತ್ರ ಒಳಗೊಳಗೇ ಗುರುಗುಟ್ಟಿ ತಾನಾಗಿಯೇ ಒಂದು ಹಾಳೆ ಹೊರಗೆ ಹಾಕಿತು. ಹಾಳೆಯ ತುಂಬ ಇಂಗ್ಲಿಷಿನ ಸಾಲುಗಳು. ನಡುವೆ ಐಪಿ ಅಡ್ರೆಸ್ ಎಂದು ಬರೆದು ಮುಂದೆ ನಾಲ್ಕು ಅಂಕಿ. ಕೆಳಗಿನ ಸಾಲುಗಳಲ್ಲೂ ಹಾಗೇ ಕಾಣುವ ಅಂಕಿಗಳಿವೆ, ಇನ್ನೂರ ಐವತ್ತೈದು ಇರುವುದನ್ನು ತೆಗೆದುಕೊಳ್ಳಬೇಡಿ, ಒಂದಕ್ಕೆ ಮುಗಿಯುವುದನ್ನೂ ತೆಗೆದುಕೊಳ್ಳಬೇಡಿ, ಮೊದಲನೆಯದೇ ನಿಮ್ಮದು ಎಂದು ಪೆನ್ನಿನಿಂದ ಗುರುತು ಮಾಡಿ ತೋರಿಸಿದ. ಆಮೇಲೆ ಕಂಪ್ಯೂಟರಿನಲ್ಲಿ ಹಳೆಯ ವಿಳಾಸವನ್ನು ಎಲ್ಲಿ ಹೋಗಿ ತಿದ್ದಬೇಕು ಎಂಬುದನ್ನೂ ತೋರಿಸಿದ.

"ಇಷ್ಟ?" ಎಂದು ಅವಳು ಕೇಳಿದಳು.

"ಇಷ್ಟ ರೀ."

ಅವಳು ಆ ಹಾಳೆಯನ್ನು ಕೈಗೆತ್ತಿಕೊಂಡಳು. ಆರು ತಿಂಗಳು. ಹತ್ತು ಎಣಿಸುವಷ್ಟು ಹೊತ್ತು ಒಂದು ಗುಂಡಿ ಒತ್ತಿ ಹಿಡಿಯುವುದನ್ನು ಹೇಳಲು ಇವನಿಗೆ ಆರು ತಿಂಗಳು ಬಾಯಿ ಬರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದರೆ ಈ ಹೊತ್ತಿಗೆ ಹಾಲ್ ಟಿಕೆಟ್‌ಗಳಿಗೆ ಸೀಲು ಬೀಳುತ್ತಿತ್ತು. ಬೈಯಬೇಕೆಂದು ಬಾಯಿಗೆ ಬಂದ ಮಾತುಗಳಲ್ಲಿ ಯಾವುದೂ ಆ ಸಿಟ್ಟಿಗೆ ಸಾಲದೆನಿಸಿತು.

"ನಮ್ಮನ್ನ ದಡ್ಡರನ್ನಾಗಿ ಇಡಬೇಕಂತ ನಿಮಗ ಯಾರು ಹೇಳ್ಯಾರ, ಅವರಿಗೆ ಹೇಳ್ರಿ," ಎಂದಳು, "ನಾ ಕಲಿತೀನಿ ಅಂತ."

ಗುರುತು ಮಾಡಿದ ಹಾಳೆಯನ್ನು ಮಡಿಸಿಕೊಂಡು ರಸ್ತೆಗೆ ಬಂದಳು. ಬಸ್ಸು ಬೇಗ ಬರಲಿಲ್ಲ. ಬಂದದ್ದು ನಿಲ್ಲಲಿಲ್ಲ. ಎರಡನೆಯದಕ್ಕೆ ಹತ್ತಿ ಮಸ್ಕಿಯಲ್ಲಿ ಇಳಿದಾಗ ಮೂರೂ ಇಪ್ಪತ್ತು. ಮಧ್ಯಾಹ್ನದ ಊಟ ಚೀಲದಲ್ಲೇ ಇತ್ತು.

ಕಾಲೇಜಿನ ಮೆಟ್ಟಿಲ ಮೇಲೆಲ್ಲ ವಿದ್ಯಾರ್ಥಿಗಳು ಕೂತಿದ್ದರು. ಅವಳು ನೇರ ಮಹಡಿಗೆ ಹೋದಳು. ಜ್ಯೋತಿ ಹಿಂದೆಯೇ ಬಂದಳು. ಅಮರೇಶ್ವರಿ ಗುಂಡಿ ಒತ್ತಿ ಹಿಡಿದು ಹತ್ತು ಎಣಿಸಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಹಿಡಿದು ಹದಿನೈದರವರೆಗೆ ಎಣಿಸಿದಳು. ಬರಲಿಲ್ಲ. ಆ ಮನುಷ್ಯ ಮತ್ತೇನನ್ನೋ ಮುಚ್ಚಿಟ್ಟನೇ ಎಂದು ಅನುಮಾನವಾಯಿತು. ಮಿಲ್ಲಿನಲ್ಲಿ ನೋಡಿದ್ದನ್ನು ಮೊದಲಿನಿಂದ ನೆನಪು ಮಾಡಿಕೊಂಡಳು. ಅಲ್ಲಿನ ಪರದೆ ಬೆಳಗುತ್ತಿತ್ತು. ಇಲ್ಲಿನದು ಕಪ್ಪಾಗಿತ್ತು, ಯಂತ್ರ ನಿದ್ದೆಗೆ ಹೋಗಿತ್ತು. ಬೇರೆ ಗುಂಡಿ ಒತ್ತಿ ಪರದೆಯನ್ನು ಎಬ್ಬಿಸಿ, ಆಮೇಲೆ 'ಐ' ಹಿಡಿದಳು. ಆರು, ಏಳು ಎನ್ನುವಾಗ ಒಳಗೆ ಗುರುಗುಟ್ಟಿತು. ಹಾಳೆ ಬಂತು.

ಕೊನೆಯ ಅಂಕಿ ನಲವತ್ತನಾಲ್ಕು.

ಜ್ಯೋತಿಯನ್ನು ಅಲ್ಲೇ ನಿಲ್ಲಿಸಿ, ಕಾಗದ ಬಂದರೆ ಮಿಸ್ ಕಾಲ್ ಕೊಡು ಎಂದು ಹೇಳಿ ಕೆಳಗಿಳಿದಳು. ಕಂಪ್ಯೂಟರಿನಲ್ಲಿ ಮೂವತ್ತಾರನ್ನು ಅಳಿಸಿ ನಲವತ್ತನಾಲ್ಕು ಹಾಕುವಾಗ ಕರಿಬಸಯ್ಯನವರು ಹಿಂದೆ ಬಂದು ನಿಂತು, ಕಂಪನಿಯವರನ್ನು ಕೇಳದೆ ಅದನ್ನೆಲ್ಲ ಮುಟ್ಟಬಾರದು, ಕೆಟ್ಟುಹೋದರೆ ಹೊಣೆ ಯಾರು ಎಂದರು. ನಾನೇ ಎಂದಳು. ಮೊದಲ ಹಾಲ್ ಟಿಕೆಟ್ ಒತ್ತಿದಳು. ಅಷ್ಟು ಹೊತ್ತು ಅವಳ ಜೀವ ಮೇಜಿನ ಮೇಲಿಟ್ಟ ಫೋನಿನಲ್ಲೇ ಇತ್ತು. ಅದು ಮಿನುಗಿತು, ಒಮ್ಮೆ ಗುಂಯ್‌ಗುಟ್ಟಿ ನಿಂತಿತು.

ಮುನ್ನೂರ ಹನ್ನೆರಡನ್ನೂ ಒಟ್ಟಿಗೆ ಕಳಿಸಿದರೆ ಕಾಗದ ಸಿಕ್ಕಿಕೊಳ್ಳುತ್ತದೆಂದು ಐವತ್ತು ಐವತ್ತಾಗಿ ಕಳಿಸಿದಳು. ಆದರೂ ಒಮ್ಮೆ ಸಿಕ್ಕಿಕೊಂಡಿತು. ಪ್ರಾಂಶುಪಾಲರು ನಾಲ್ಕೂಕಾಲಿಗೆ ಬಂದು ಸಹಿಗೆ ಕೂತರು, ಕರಿಬಸಯ್ಯನವರು ಸೀಲು ಒತ್ತಿದರು. ಹಳ್ಳಿಯವರದು ಮೊದಲು, ಊರಿನವರದು ಆಮೇಲೆ ಎಂದು ಅವಳೇ ವಿಂಗಡಿಸಿದಳು. ಎಷ್ಟು ಅವಸರ ಮಾಡಿದರೂ ಹನ್ನೊಂದು ಮಂದಿಗೆ ಕೊನೆಯ ಬಸ್ಸು ತಪ್ಪಿತು. ಅವರಲ್ಲಿ ಜ್ಯೋತಿಯೂ ಒಬ್ಬಳು. ಎರಡು ತಾಸು ಮಹಡಿಗೂ ಕಚೇರಿಗೂ ಓಡಾಡಿದ ಹುಡುಗಿ ತನ್ನ ಹಾಲ್ ಟಿಕೆಟ್ ಕೊನೆಗೆ ತೆಗೆದುಕೊಂಡಿದ್ದಳು. ಅವಳು ಫೋನು ಮಾಡಿದ ಮೇಲೆ ಬೀರಲಿಂಗ ತನ್ನ ಗಿರಾಕಿಯೊಬ್ಬನ ಟಂಟಂ ಆಟೋ ತಂದು ಹನ್ನೊಂದು ಜನರನ್ನೂ ಅವರವರ ಊರಿನ ದಾರಿಗೆ ಬಿಟ್ಟು ಬಂದ. ಪ್ರಾಂಶುಪಾಲರು ಹೋಗುವಾಗ, ಇಂಥ ಕೆಲಸ ಕೊನೆಯ ಗಳಿಗೆಗೆ ಇಟ್ಟುಕೊಳ್ಳಬಾರದು ಎಂದು ಕಚೇರಿಯವರಿಗೆಲ್ಲ ಒಟ್ಟಾಗಿ ಹೇಳಿ ಕಾರು ಹತ್ತಿದರು.

ಮನೆಯಲ್ಲಿ ಅವಳು ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅವನು ಕೇಳಿ, ತನ್ನ ಕಸುಬಿನಲ್ಲೂ ಹಾಗೆ ಮಾಡುವವರಿದ್ದಾರೆ, ರೈತನಿಗೆ ಫ್ಯೂಸ್ ಹಾಕುವುದು ಹೇಳಿಕೊಡದೆ ಮೋಟಾರು ಸುಟ್ಟಿದೆ ಎನ್ನುತ್ತಾರೆ ಎಂದ. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ವಿರೇಶ ಕಾಲೇಜಿಗೆ ಬಂದ. ಕಂಪ್ಲೇಂಟ್ ದಾಖಲಾಗಿತ್ತಲ್ಲ, ಅದನ್ನು ಮುಗಿಸಬೇಕಿತ್ತು. ಒಂದು ಫಾರಂ ತೆಗೆದು ಅವಳ ಮೇಜಿನ ಮೇಲಿಟ್ಟ. ಇಂಜಿನಿಯರ್ ಭೇಟಿ ನೀಡಿ ದೋಷ ಸರಿಪಡಿಸಿದ್ದಾರೆ ಎಂದು ಅದರಲ್ಲಿ ಮೊದಲೇ ತುಂಬಿತ್ತು. ಕೆಳಗೆ ಗಿರಾಕಿಯ ಸಹಿಗೆ ಜಾಗ.

ಅವಳು ಅದನ್ನು ಎರಡು ಸಲ ಓದಿ, ಸಹಿ ಮಾಡುವುದಿಲ್ಲ ಎಂದಳು. ಕರಿಬಸಯ್ಯನವರು ತಮ್ಮ ಕುರ್ಚಿಯಿಂದಲೇ, ಒಂದು ಸಹಿಯಿಂದ ಏನಾಗುತ್ತದೆ, ಮಾಡಿ ಕಳಿಸು ಎಂದರು.

"ಸುಳ್ಳಿಗೆ ಹೆಂಗ ಮಾಡ್ಲಿ ಸರ್. ಇವರು ಮಾಡಿಲ್ಲ, ನಾ ಮಾಡೀನಿ. ಹಂಗಂತ ಬರದು ಕೊಡ್ಲಾ?"

ಯಾರೂ ಬೇಡ ಎನ್ನುವ ಮೊದಲೇ ಪೆನ್ನು ತೆಗೆದು, ತುಂಬಿದ್ದ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ದುಂಡಗೆ ಬರೆದಳು: ಹೊಸ ವಿಳಾಸವನ್ನು ಕಾಲೇಜಿನ ಆಪರೇಟರ್ ಕಂಡುಹಿಡಿದು ಸರಿಪಡಿಸಿದ್ದಾರೆ. ವಿಳಾಸ ಪದೇ ಪದೇ ಬದಲಾಗುವ ದೋಷ ಹಾಗೆಯೇ ಇದೆ. ಅದರ ಕೆಳಗೆ ಸಹಿ ಹಾಕಿ ತಾರೀಕು ಬರೆದಳು.

ವಿರೇಶ ಕಾಗದ ಹಿಡಿದು ನಿಂತ. ಇದನ್ನು ತೆಗೆದುಕೊಂಡು ಹೋದರೆ ತನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದ. ಅವನ ದನಿ ಮೊದಲಿನ ಹಾಗೆ ಇರಲಿಲ್ಲ. ಅಮರೇಶ್ವರಿಗೆ ಒಂದು ಕ್ಷಣ ಕನಿಕರವೆನಿಸಿತು. ಅದೇ ಕ್ಷಣ ಬಸ್ಸು ತಪ್ಪಿದ ಹನ್ನೊಂದು ಮಕ್ಕಳೂ ನೆನಪಾದರು. ವಿಳಾಸ ಬದಲಾಗದ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದ.

"ಮತ್ತ ಮೊದಲ ದಿನಾನ ಯಾಕ ಮಾಡ್ಲಿಲ್ಲ?"

ಎಲ್ಲ ಯಂತ್ರಗಳಿಗೂ ವಿಳಾಸ ಹಂಚುವುದು ಪ್ರಾಂಶುಪಾಲರ ಕೋಣೆಯಲ್ಲಿರುವ ಇಂಟರ್ನೆಟ್ಟಿನ ಡಬ್ಬಿ, ಅದರಲ್ಲಿ ಈ ಪ್ರಿಂಟರಿಗೆ ಇದೇ ವಿಳಾಸ ಎಂದು ಕಾಯಂ ಮಾಡಿಟ್ಟರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದ. ಹಾಗಿದ್ದರೆ ಈಗಲೇ ಮಾಡಿ, ಮಾಡಿದ ಮೇಲೆ ಬೇರೆ ಫಾರಂ ತನ್ನಿ, ಅದಕ್ಕೆ ಸಹಿ ಮಾಡುತ್ತೇನೆ ಎಂದಳು. ಅವನು ಮಾಡಿದ. ಅವಳು ಪಕ್ಕದಲ್ಲಿ ನಿಂತು ಒಂದೊಂದು ಹೆಜ್ಜೆಯನ್ನೂ ಬರೆದುಕೊಂಡಳು. ಆಮೇಲೆ ಅವನನ್ನು ಕೂರಿಸಿ, ತಾನೇ ಹೋಗಿ ಪ್ರಿಂಟರಿನ ಸ್ವಿಚ್ಚು ಆರಿಸಿ ಮತ್ತೆ ಹಾಕಿದಳು. ಒಮ್ಮೆ ಅಲ್ಲ, ಮೂರು ಸಲ. ಮೂರು ಸಲವೂ ಕಾಗದ ಬಂತು. ಎರಡನೆಯ ಫಾರಮ್ಮಿಗೆ ಸಹಿ ಮಾಡಿ, ಮೊದಲಿನದನ್ನು ತನ್ನ ನೋಟ್‌ಬುಕ್ಕಿನಲ್ಲೇ ಇಟ್ಟುಕೊಂಡಳು. ಹೋಗುವಾಗ ಅವನು ಮೇಡಂ ಎನ್ನಲಿಲ್ಲ. "ಬರ್ತೀನ್ರೀ ಅಕ್ಕಾರ," ಎಂದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳುವ ಹಾಗಿಲ್ಲ. ಮರುವಾರ ಆಡಳಿತ ಮಂಡಳಿಯ ಸಭೆ ಆಯಿತು. ಅದರ ನಡಾವಳಿಯನ್ನು ಕರಿಬಸಯ್ಯನವರು ಕೈಯಲ್ಲಿ ಬರೆದು ಟೈಪಿಗೆ ಕೊಟ್ಟರು. ಏಳನೆಯ ಅಂಶದಲ್ಲಿ, ಪ್ರಿಂಟರಿನ ತಾಂತ್ರಿಕ ದೋಷವನ್ನು ಅಧೀಕ್ಷಕರು ಕಂಪನಿಯ ಗಮನಕ್ಕೆ ತಂದು ಶಾಶ್ವತವಾಗಿ ಪರಿಹರಿಸಿರುತ್ತಾರೆ ಎಂದಿತ್ತು. ಅಮರೇಶ್ವರಿ ಆ ಸಾಲಿಗೆ ಬಂದಾಗ ಕೈ ನಿಲ್ಲಿಸಿದಳು. ಹಾಳೆ ಹಿಡಿದುಕೊಂಡು ಅವರ ಮೇಜಿಗೆ ಹೋಗಿ, ಇದು ಹೀಗಲ್ಲವಲ್ಲ ಎಂದಳು. ಸಭೆಯಲ್ಲಿ ಓದಿ ಒಪ್ಪಿದ್ದಾಗಿದೆ, ಈಗ ತಿದ್ದಲು ಬರುವುದಿಲ್ಲ ಎಂದರು. ತಲೆ ಎತ್ತಲಿಲ್ಲ. ಅವಳು ವಾಪಸು ಬಂದು ಬರೆದಿದ್ದ ಹಾಗೇ ಟೈಪು ಮಾಡಿದಳು. ಆ ಬುಧವಾರದ ಅರ್ಧ ದಿನದ ರಜಾ ಚೀಟಿಯನ್ನೂ ಅವರು ಹಿಂದಕ್ಕೆ ಕೊಡಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ಲಿಂಗಸುಗೂರಿನ ಒಂದು ಕಾಲೇಜಿನ ಆಪರೇಟರ್, ಮೌನೇಶ್ವರಿ ಎಂಬುವಳು, ಫೋನು ಮಾಡಿದಳು. ಅವಳಿಗೆ ನಂಬರು ಕೊಟ್ಟವನು ವಿರೇಶ. ಕರೆಂಟು ಹೋಗಿ ಬಂದಿದೆ, ಪ್ರಿಂಟರ್ ಸಿಗುತ್ತಿಲ್ಲ, ಎದುರಿಗೆ ಜನ ನಿಂತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಅಮರೇಶ್ವರಿ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

"ಮೊದಲ ಅದನ್ನ ನಿದ್ದಿಯಿಂದ ಎಬ್ಬಸವಾ," ಎಂದಳು. "ಎಬ್ಬಿಸಿದಿ? ಈಗ ಐ ಅಂತ ಒಂದು ಸಣ್ಣ ಗುಂಡಿ ಕಾಣತದ ನೋಡು, ಅದನ್ನ ಒತ್ತಿ ಹಿಡಿ. ಬಿಡಬ್ಯಾಡ. ನಾ ಇಲ್ಲಿ ಎಣಸ್ತೀನಿ."